ಹತ್ತು ಸೆಕೆಂಡಿನ ತಾಳ್ಮೆ

ಕಾಲಿನ ಅಳತೆಗಳು ಮಾಯವಾಗಿದ್ದವು.

ಒಂದಲ್ಲ, ಎರಡಲ್ಲ — ಎರಡು ತಿಂಗಳಲ್ಲಿ ಸ್ಕ್ಯಾನ್ ಮಾಡಿದ್ದರಲ್ಲಿ ಅರ್ಧದಷ್ಟು! ಅದು ಕೃತಕ ಕಾಲು ತಯಾರಿಸುವ ಕಂಪನಿ. ಹಿಂದಿನ ದಿನ ಮುಖ್ಯ ಸರ್ವರ್ ಸುಟ್ಟುಹೋಗಿತ್ತು. ಹೋದರೆ ಹೋಗಲಿ, ಬ್ಯಾಕಪ್ ಇದೆಯಲ್ಲ ಎಂದು ತೆರೆದರೆ, ಒಂದು ವಾರದ ಅಳತೆ ಇದೆ, ಮುಂದಿನ ವಾರದ್ದಿಲ್ಲ. ಮತ್ತೆ ಇದೆ, ಮತ್ತೆ ಇಲ್ಲ.

ಕಂಪನಿಗಳಲ್ಲಿ ಕಳೆದುಹೋದ ಮಾಹಿತಿ ಹೇಗೆ ಹೋಯಿತೆಂದು ಪತ್ತೆ ಹಚ್ಚುವುದು ನನ್ನ ಅಕ್ಕನ ಕೆಲಸ. ನಾನು ಅವಳ ಕಾರು ಓಡಿಸುತ್ತೇನೆ, ಚೀಲ ಹೊರುತ್ತೇನೆ, ಬಿಡುವಿದ್ದಾಗ ಬೈಸಿಕೊಳ್ಳುತ್ತೇನೆ.

ನಾವು ಹೋಗುವ ಹೊತ್ತಿಗೆ ಕಂಪ್ಯೂಟರ್ ವಿಭಾಗದ ಮ್ಯಾನೇಜರ್ ಅಪರಾಧಿಯನ್ನು ಹಿಡಿದಾಗಿತ್ತು.

“ತನಿಖೆ ಸುಮ್ನೆ ದಂಡ ಮೇಡಂ,” ಎಂದರು, ಮಾಲೀಕರ ಎದುರಿಗೇ. “ಸಂಜೆ ಬ್ಯಾಕಪ್ ಹಾಕೋ ಪಾಳಿ ಇಬ್ಬರು ಆಪರೇಟರ್‌ಗಳಿಗೆ, ವಾರ ಬಿಟ್ಟು ವಾರ. ಅವನ ವಾರದ್ದೆಲ್ಲ ಇದೆ. ಇವಳ ವಾರದ್ದು ಏನೂ ಇಲ್ಲ. ರಜೆ ಕೊಡಲಿಲ್ಲ ಅಂತ ಅಳಿಸಿ ಸೇಡು ತೀರಿಸ್ಕೊಂಡಿದಾಳೆ. ಪೊಲೀಸ್ ಕಂಪ್ಲೇಂಟ್ ರೆಡಿ ಇದೆ, ಸಾರ್ ಸೈನ್ ಹಾಕೋದೊಂದೇ ಬಾಕಿ.”

ಬಾಗಿಲ ಬಳಿ ನಿಂತಿದ್ದ ಆಪರೇಟರ್ ಉರಿದುಬಿದ್ದಳು. “ನಾನ್ಯಾಕೆ ಅಳಿಸ್ಲಿ? ಆ ಮಕ್ಕಳನ್ನ ಎತ್ತಿ ಕೂರಿಸಿ ಅಳತೆ ತಗೊಂಡೋಳೇ ನಾನು!”

“ಸಂಜೆ ಏನೇನ್ ಮಾಡ್ತೀಯಮ್ಮ?” ಅಕ್ಕ ಕೇಳಿದಳು.

“ಅಂದಂದಿನ ಸ್ಕ್ಯಾನ್‌ಗಳನ್ನ ಬ್ಯಾಕಪ್ ಪಟ್ಟಿಗೆ ಹಾಕಿ ಹೊರಡ್ತೀನಿ. ಒಂದು ಗಂಟೆ ಆದ್ಮೇಲೆ ಬ್ಯಾಕಪ್ ತಾನಾಗೇ ಶುರುವಾಗುತ್ತೆ. ಶಿಶುವಿಹಾರ ಮುಚ್ಚೋದ್ರೊಳಗೆ ಮಗೂನ ಕರ್ಕೊಂಡು ಬರ್ಬೇಕಲ್ಲ.”

“ಆಗಿದೆಯೋ ಇಲ್ವೋ ಅಂತ ನೋಡೋರು ಯಾರು?”

“ರಿಪೋರ್ಟ್ ಹೋಗೋದು ಮ್ಯಾನೇಜರ್ ಸಾರ್ ಮೇಲ್‌ಗೆ ಮಾತ್ರ. ದಿನಾ ಬೆಳಿಗ್ಗೆ ಕೇಳ್ತಿದ್ದೆ. ‘ಹೂಂ, ಆಗಿದೆ ಹೋಗು’ ಅಂತಿದ್ರು.”

“ಎಷ್ಟು ಬಾಯಿ ನೋಡಿ!” ಮ್ಯಾನೇಜರ್ ಮೇಜು ಕುಟ್ಟಿದರು.

ಇನ್ನೊಬ್ಬ ಆಪರೇಟರ್‌ನನ್ನು ಕರೆಸಿದರು. ಕಚೇರಿಯಲ್ಲಿ ಎಲ್ಲರಿಗೂ ಅವನು ‘ಹೀರೋ’.

“ನಿನ್ನ ವಾರದಲ್ಲಿ ಒಂದು ದಿನಾನೂ ತಪ್ಪಿಲ್ಲ. ಭೇಷ್!” ಎಂದಳು ಅಕ್ಕ. “ಪಾಳಿ ಮುಗಿದ ತಕ್ಷಣ ಹೊರಡ್ತೀಯಾ?”

“ಇಲ್ಲ ಮೇಡಂ… ಬಸ್ ಲೇಟು. ಕೂತಿರ್ತೀನಿ.”

“ಕೂತು?”

“ಕೆಲಸ…”

“ಕೆಲಸ ಮಾಡೋ ಮುಖಾನಾ ಇದು?”

ಹೀರೋ ಕಿವಿ ಕೆರೆದುಕೊಂಡ. “ಸಿನಿಮಾ ನೋಡ್ತೀನಿ. ಬ್ಯಾಕಪ್ ಪೆಟ್ಟಿಗೆಯಲ್ಲೇ ಒಂದು ಮೂಲೇಲಿ ತುಂಬಿಟ್ಟಿದೀನಿ.”

ಅಕ್ಕ ಎದ್ದಳು. “ಎಲ್ಲಿದೆ ಆ ಪೆಟ್ಟಿಗೆ?”

ಬ್ಯಾಕಪ್ ಇಡುವ ಆ ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆ ಮ್ಯಾನೇಜರ್ ಕೋಣೆಯಲ್ಲೇ, ಅವರ ಕುರ್ಚಿಯ ಹಿಂದಿನ ಕಪಾಟಿನಲ್ಲಿತ್ತು.

“ಸದ್ದೇ ಇಲ್ವಲ್ಲ!” ಎಂದಳು ಅಕ್ಕ.

“ಮೊದಲು ತಲೆ ತಿಂತಿತ್ತು ಮೇಡಂ, ಜೇನುಗೂಡಿನ ಹಾಗೆ. ಎರಡು ತಿಂಗಳಿಂದ ನೆಮ್ಮದಿ.”

“ಯಾವುದಾದ್ರೂ ಫೋಲ್ಡರ್ ತೆಗೀರಿ.”

ಅವರು ಒತ್ತಿದರು. ಏನೂ ಬರಲಿಲ್ಲ. ಇಪ್ಪತ್ತು ಸೆಕೆಂಡಾದರೂ ಕಾದೆವು. ಪೆಟ್ಟಿಗೆಯೊಳಗೆ ಗೊರ್ರೆಂದಿತು, ಗುಂಯ್‌ಗುಡುವ ಸದ್ದು ಏರಿತು. ಆಮೇಲೆ ಫೋಲ್ಡರ್ ತೆರೆಯಿತು.

“ಮೊದಲ ಸಲ ಹಾಗೇ,” ಎಂದರು ಮ್ಯಾನೇಜರ್. “ಆಮೇಲೆ ಸರಿಹೋಗುತ್ತೆ.”

“ಬ್ಯಾಕಪ್ ಸೆಟ್ಟಿಂಗ್ ತೋರಿಸಿ. ಪಾಸ್‌ವರ್ಡ್ ಯಾರ ಹತ್ರ ಇದೆ?”

“ನನ್ನ ಹತ್ರ ಮಾತ್ರ. ಕಂಡಕಂಡವರ ಕೈಗೆ ಕೊಡೋಕಾಗುತ್ತಾ?”

ಅಕ್ಕ ಪರದೆಯನ್ನು ನೋಡಿದಳು. ಅವಳ ಮುಖ ಬಿಗಿಯಾಯಿತು.

“ಸಾರ್,” ಎಂದಳು ಮಾಲೀಕರಿಗೆ, “ಯಾರೂ ಏನೂ ಅಳಿಸಿಲ್ಲ. ಅಳತೆಗಳು ಈ ಪೆಟ್ಟಿಗೆಗೆ ಬಂದೇ ಇಲ್ಲ. ಸದ್ದು ತಡೀಲಾರದೆ ಇವರು ಇದಕ್ಕೆ ನಿದ್ದೆ ಮಾಡೋ ಸೆಟ್ಟಿಂಗ್ ಹಾಕಿದಾರೆ. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ರೆ ಒಳಗಿನ ಡಿಸ್ಕ್ ನಿಂತುಬಿಡುತ್ತೆ. ಮತ್ತೆ ಏಳೋಕೆ ಎಷ್ಟು ಹೊತ್ತಾಯ್ತು, ನೀವೇ ನೋಡಿದ್ರಿ. ಬ್ಯಾಕಪ್‌ಗೆ ಇಟ್ಟಿರೋ ಟೈಮ್‌ಔಟ್ ಎಷ್ಟು ಗೊತ್ತಾ? ಹತ್ತು ಸೆಕೆಂಡು! ಅಷ್ಟು ಹೊತ್ತು ಬಾಗಿಲು ತಟ್ಟುತ್ತೆ, ಯಾರೂ ಓಗೊಡದಿದ್ರೆ ಅವತ್ತಿನ ಅಳತೆ ಅಲ್ಲಿಗೇ ಬಿಟ್ಟುಬಿಡುತ್ತೆ. ಟೈಮ್‌ಔಟ್ ಜಾಸ್ತಿ ಮಾಡಿದ್ದಿದ್ರೆ ಸಾಕಿತ್ತು.”

“ಮತ್ತೆ ಹೀರೋ ವಾರದಲ್ಲಿ?” ಎಂದರು ಮಾಲೀಕರು.

“ಅವನ ಸಿನಿಮಾ ಪೆಟ್ಟಿಗೇನ ಮಲಗೋಕೇ ಬಿಡ್ತಿರಲಿಲ್ಲ! ಕಂಪನಿ ಪೆಟ್ಟಿಗೇಲಿ ಸಿನಿಮಾ ತುಂಬಿದೋನು ನಿಯತ್ತಿನವನು, ಕೆಲಸ ಮುಗಿಸಿ ಮಗು ಹತ್ರ ಓಡಿದೋಳು ಅಪರಾಧಿ! ‘ಮೊದಲ ಸಲ ಹಾಗೇ’ ಅಂತ ದಿನಾ ಈ ಕಾಯೋದನ್ನ ಅನುಭವಿಸಿದೋರು ಇವರು. ‘ಬ್ಯಾಕಪ್ ವಿಫಲ’ ಅಂತ ಮೇಲ್ ಬರ್ತಾ ಇದ್ದದ್ದೂ ಇವರಿಗೇ. ನೋಡಿದ್ರಾ?”

“ದಿನಕ್ಕೆ ನೂರು ಮೇಲ್ ಬರ್ತವೆ ಮೇಡಂ…”

“ನೋಡದೇ ‘ಆಗಿದೆ ಹೋಗು’ ಅಂದ್ರಿ. ಅಳತೆ ಕಳೆದೋರು ನೀವು!”

ಮ್ಯಾನೇಜರ್ ಹಣೆ ಒರೆಸಿಕೊಂಡರು. “ಇದು ಬರೀ ತಾಂತ್ರಿಕ ದೋಷ…”

“ಓಹೋ! ಅವಳ ತಲೆಗೆ ಕಟ್ಟುವಾಗ ಅಪರಾಧ, ನಿಮ್ಮ ಬುಡಕ್ಕೆ ಬಂದಾಗ ತಾಂತ್ರಿಕ ದೋಷವಾ?”

ಮಾಲೀಕರು ಕಂಪ್ಲೇಂಟನ್ನು ಹರಿದರು. ಆಪರೇಟರ್ ಕಡೆ ನೋಡಿ, “ಕ್ಷಮಿಸಮ್ಮ,” ಎಂದರು. ಆಮೇಲೆ ನಿಟ್ಟುಸಿರಿಟ್ಟರು. “ಅಷ್ಟೂ ಜನ ಮತ್ತೆ ಅಳತೆಗೆ ಬರಬೇಕು. ಫೋನ್ ಮಾಡಿ ಹೇಳೋದು ಯಾರು?”

ಆಪರೇಟರ್ ಅಭ್ಯಾಸಬಲದಿಂದ ಫೋನಿಗೆ ಕೈ ಹಾಕಿದಳು. ಅಕ್ಕ ಅವಳ ಕೈ ಹಿಡಿದಳು. “ನೀನಲ್ಲ.”

ಮಾಲೀಕರು ಫೋನನ್ನು ಮ್ಯಾನೇಜರ್ ಮುಂದೆ ಸರಿಸಿದರು. ಅವರು ಒತ್ತಿದ ಮೊದಲ ನಂಬರಿನಲ್ಲಿ ಒಬ್ಬ ತಾಯಿ ಸಿಕ್ಕಳು.

“ನಿಮ್ಮ ಮಗಳ ಕಾಲಿನ ಅಳತೆ ಮತ್ತೆ ತಗೋಬೇಕಮ್ಮ. ತಾಂತ್ರಿಕ ಕಾರಣದಿಂದ—”

“ಹಾಗಲ್ಲ,” ಎಂದರು ಮಾಲೀಕರು. “‘ನನ್ನ ತಪ್ಪಿನಿಂದ’ ಅಂತ ಶುರು ಮಾಡಿ.”

ಆಪರೇಟರ್ ಕುರ್ಚಿಯೊಂದನ್ನು ಎಳೆದುಕೊಂಡು ಮ್ಯಾನೇಜರ್ ಎದುರಿಗೇ ಕೂತಳು, ಒಂದು ಮಾತೂ ತಪ್ಪಿಹೋಗದಂತೆ.