ಘಮ್ ಅಂತಿದೆ ಅಂದವನು

ದಡ್ ಅಂತ ಸದ್ದಾಯಿತು. ಲಿಫ್ಟ್ ನಾಲ್ಕು ಮತ್ತು ಐದನೇ ಮಹಡಿಯ ನಡುವೆ ನಿಂತುಬಿಟ್ಟಿತು. ದೀಪವೂ ಆರಿತು.

ಅವಳ ಕೈಯಲ್ಲಿ ಕೆಳಮನೆಯ ಅಕ್ಕನಿಂದ ಈಸಿಕೊಂಡ ದೊಡ್ಡ ಪಾತ್ರೆ. ಆರನೇ ಮಹಡಿಯ ಅವಳ ಮನೆಯಲ್ಲಿ, ಸಣ್ಣ ಉರಿಯ ಮೇಲೆ, ಹಾಲು.

"ಅಯ್ಯೋ ದೇವರೇ... ಹಾಲು!"

ಎಚ್ಚರಿಕೆಯ ಗುಂಡಿ ಒತ್ತಿದಳು. ಬಾಗಿಲು ಬಡಿದಳು. ಅರ್ಧ ಗಂಟೆ ಕಳೆಯಿತು. ಈ ಪರದೇಶದ ಭಾಷೆಯಲ್ಲಿ ಕಲಿತಿದ್ದ ನಾಲ್ಕು ಮಾತೂ ಆ ಕತ್ತಲಲ್ಲಿ ಮರೆತುಹೋದವು. ಬಾಯಿಗೆ ಬಂದದ್ದು ಕನ್ನಡವೊಂದೇ.

"ಹಾಳಾದ್ ಲಿಫ್ಟು! ಇದನ್ನ ರಿಪೇರಿ ಮಾಡೋನ ಮನೆ ಹಾಳಾಗ!"

ಮೇಲಿನಿಂದ ಗಂಡು ದನಿಯೊಂದು ಬಂತು. "ಹಾಳಾಗೋಕೆ ಮೊದ್ಲು ಮನೆ ಇರ್ಬೇಕಲ್ಲ ಮೇಡಂ. ನಂದು ಬಾಡಿಗೆ ರೂಮು. ಹೆದರ್ಬೇಡಿ, ನಾನಿದ್ದೀನಿ."

ಕನ್ನಡ! ಅವಳು ಕುಸಿದು ಕುಳಿತಳು. ಅಳು ಬಂತು, ನಾಚಿಕೆಯೂ ಆಯಿತು. ಅಷ್ಟರಲ್ಲಿ ಹಾಲು ಸೀದ ವಾಸನೆ ಬಾಗಿಲ ಸಂದಿಯಿಂದ ಒಳಗೆ ನುಗ್ಗಿತು.

"ರೀ, ನನ್ನ ಒಲೆ ಉರೀತಿದೆ! ವಾಸನೆ ಬರ್ತಿಲ್ವಾ ನಿಮಗೆ?"

ಮೇಲೆ ಒಂದು ಕ್ಷಣ ಮೌನ.

"ಬರ್ತಿದೆ... ಘಮ್ ಅಂತಿದೆ."

ಅಳುತ್ತಿದ್ದವಳು ಫಕ್ಕನೆ ನಕ್ಕುಬಿಟ್ಟಳು. ತಮಾಷೆ ಮಾಡಿ ಧೈರ್ಯ ತುಂಬುತ್ತಿದ್ದಾನೆ ಅಂದುಕೊಂಡಳು. ಪಾಪ, ಆ ಮೌನವನ್ನು ಅವಳು ಕೇಳಿಸಿಕೊಳ್ಳಲೇ ಇಲ್ಲ. ಕೇಳಿಸಿಕೊಂಡಿದ್ದರೆ ಮುಂದಿನ ಆರು ತಿಂಗಳು ಬೇರೆಯೇ ಆಗಿರುತ್ತಿತ್ತು.

ಅವಳು ಬಟ್ಟೆ ಅಂಗಡಿಯೊಂದರಲ್ಲಿ ಅಳತೆ ಸರಿಪಡಿಸುವ ಟೈಲರ್. ಮಾತೂ ಕೈಯ ಸೂಜಿಯಷ್ಟೇ ಚೂಪು. ಹಾಗಾಗಿ ಅಕ್ಕನ ಗಂಡ, ಬಸ್ ಓಡಿಸುವ ಭಾವ, ಅವಳಿಗೆ 'ಸೂಜಿ' ಅಂತ ಹೆಸರಿಟ್ಟಿದ್ದ. ಅಕ್ಕ ಒಡಹುಟ್ಟಿದವಳಲ್ಲ, ಭಾವ ಸಂಬಂಧಿಕನಲ್ಲ. ಆದರೆ ಭಾನುವಾರ ಮಧ್ಯಾಹ್ನ ಒಂದೇ ಪಾತ್ರೆಯ ಅನ್ನ ಉಣ್ಣುವವರಿಗೆ ಬೇರೆ ನೆಂಟಸ್ತಿಕೆ ಯಾಕೆ ಬೇಕು?

ಅಂದು ಲಿಫ್ಟ್ ತೆರೆದು ಅವಳನ್ನು ಹೊರಗೆ ತಂದವನಿಗೆ, ಮುಂದಿನ ಭಾನುವಾರದಿಂದ ಅವಳ ಮನೆಯ ನೆಲದ ಮೇಲೆ ನಾಲ್ಕನೇ ತಟ್ಟೆ ಬಿತ್ತು. ಭಾವ ಅವನಿಗೂ ಒಂದು ಹೆಸರಿಟ್ಟ. ಲಿಫ್ಟಪ್ಪ!

ಪ್ರತಿ ವಾರ ಬಾಗಿಲಲ್ಲಿ ನಿಂತು ಚಪ್ಪಲಿ ಬಿಡುತ್ತಲೇ ಅವನು ಅನ್ನುತ್ತಿದ್ದ, "ಆಹಾ, ಘಮ್ ಅಂತಿದೆ!"

ಆ ಒಂದು ಮಾತಿಗಾಗಿ ಸೂಜಿ ಶನಿವಾರವೇ ಸೊಪ್ಪು ಬಿಡಿಸಿಡುತ್ತಿದ್ದಳು. 'ಯಾಕೆ ಇಷ್ಟು ಸಂಭ್ರಮ ನಂಗೆ?' ಅಂತ ತನ್ನನ್ನೇ ಕೇಳಿಕೊಂಡು ಕೆಂಪಾಗುತ್ತಿದ್ದಳು.

ಆದರೂ ಏನೋ ಒಂದು ಅವಳ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು.

ಒಮ್ಮೆ ಒಲೆಯ ಪಕ್ಕದ ಒರಸುವ ಬಟ್ಟೆಗೆ ಕಿಡಿ ತಗುಲಿ ಸುಟ್ಟ ವಾಸನೆ ಮನೆ ತುಂಬಿತು. ಬೆನ್ನು ತಿರುಗಿಸಿ ಅಲ್ಲೇ ನಿಂತಿದ್ದ ಅವನು ಸೌತೆಕಾಯಿ ಹೆಚ್ಚುತ್ತಲೇ ಇದ್ದ! ಅಕ್ಕ ಓಡಿಬಂದು ನೀರು ಸುರಿದಳು. ಅವನ ಮುಖ ಬಿಳಿಚಿಹೋಯಿತು.

"ನಿಮ್ಮ ರೂಮಿಗೆ ನಮ್ಮನ್ನ ಒಂದ್ಸಲಾನೂ ಕರೆದಿಲ್ಲ," ಅಂದಳು ಸೂಜಿ ಇನ್ನೊಂದು ದಿನ. "ಏನಿದೆ ಅಲ್ಲಿ?"

"ಏನೂ ಇಲ್ಲ."

"ಊರಿಂದ ಯಾರಾದ್ರೂ..."

"ದಯವಿಟ್ಟು ಅದರಲ್ಲಿ ಮೂಗು ತೂರಿಸ್ಬೇಡಿ."

ಅಷ್ಟು ಒರಟಾಗಿ ಅವನು ಎಂದೂ ಮಾತಾಡಿರಲಿಲ್ಲ. ಅಂದು ಬಡಿಸುವಾಗ ಅವಳು ಎಂದಿನಂತೆ 'ಇನ್ನೊಂಚೂರು' ಅನ್ನಲಿಲ್ಲ.

ಅವಳ ಬಳಿ ಒಂದು ಸಣ್ಣ ಡಬ್ಬಿಯಿತ್ತು. ಅಮ್ಮ ಕೊನೆಯ ಸಲ ಹುರಿದು ಕುಟ್ಟಿ ಕಳಿಸಿದ ಮಸಾಲೆ ಪುಡಿ. ಡಬ್ಬಿ ಕೈಸೇರಿದ ಮೂರನೇ ವಾರ ಅಮ್ಮನೇ ಇಲ್ಲವಾದಳು. ಮುಗಿದುಹೋದೀತು ಅಂತ ಒಂದೂವರೆ ವರ್ಷ ಅದರ ಮುಚ್ಚಳ ತೆರೆದಿರಲಿಲ್ಲ. ಈಗ, ಅವನಿಗೋಸ್ಕರ, ತೆರೆಯುವ ಮನಸ್ಸಾಯಿತು. ಹಿಂದಿನ ವಾರವೇ ಅವನಿಗೆ ಹೇಳಿಯೂ ಇದ್ದಳು.

ತೆರೆದಳು. ಪುಡಿ ಮುಗ್ಗಲು ಹಿಡಿದಿತ್ತು.

ಅಮ್ಮನ ಕೈಯ ವಾಸನೆಯ ಜಾಗದಲ್ಲಿ ಒದ್ದೆ ಗೋಣಿಚೀಲದ ನಾತ. ಅಕ್ಕ ಅವಳ ಬೆನ್ನು ಸವರಿದಳು. ಭಾವ ಏನೂ ತೋಚದೆ ಕಿಟಕಿ ತೆರೆದ.

ಆಗಲೇ ಬಾಗಿಲಲ್ಲಿ ಚಪ್ಪಲಿ ಸದ್ದು.

"ಆಹಾ! ಅಮ್ಮನ ಪುಡಿ... ಘಮ್ ಅಂತಿದೆ!"

ಕಿಟಕಿಯ ಬಳಿಯಿಂದ ಭಾವ ತಿರುಗಿ ನೋಡಿದ.

"ಏನಂದ್ರಿ?" ಸೂಜಿ ಡಬ್ಬಿ ಹಿಡಿದೇ ಎದ್ದಳು. "ಇದು ಘಮ್ ಅಂತಿದೆಯಾ? ನನ್ನಮ್ಮ ಅಂದ್ರೆ ತಮಾಷೆನಾ ನಿಮಗೆ? ಆರು ತಿಂಗಳಿಂದ ಹೇಳಿದ್ದೆಲ್ಲ ಬಾಯಿಮಾತೇನಾ... ಸುಳ್ಳಾ?"

ಅವನು ಅವಳ ಕೈಯ ಡಬ್ಬಿ ನೋಡಿದ. ಕಿಟಕಿ ನೋಡಿದ. ತುಟಿ ಅಲುಗಿತು.

"ಹೌದು. ಸುಳ್ಳೇ," ಅಂದ. ಹೋಗಿಬಿಟ್ಟ.

'ಒಂದು ಮಾತು... ಒಂದೇ ಒಂದು ಮಾತು ಹೇಳಿ ಹೋಗಬಾರದಿತ್ತಾ?' ಆ ವಾರವೆಲ್ಲ ಅವಳು ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು.

ಮತ್ತೆ ಭಾನುವಾರ ಬಂತು. ಮಧ್ಯಾಹ್ನ ಹನ್ನೆರಡು. ಅವಳು ಒಗ್ಗರಣೆಗೆ ಸಾಸಿವೆ ಹಾಕಿ, ಬಾಗಿಲನ್ನೇ ನೋಡುತ್ತಾ ನಿಂತಿದ್ದಳು.

"ಲೇ ಸೂಜಿ! ಸೀದು ಕರಕಲಾಯ್ತು ಕಣೇ!" ನಡುಮನೆಯಿಂದ ಅಕ್ಕ ಕೂಗಿದಳು. "ಮೂಗಿಗೆ ಏನಾಗಿದೆ ನಿಂಗೆ?"

ಮೂಗಿಗೆ ಏನಾಗಿದೆ?

ಸೀದ ಹಾಲು... ಸುಟ್ಟ ಬಟ್ಟೆ... ಮುಗ್ಗಲು ಪುಡಿ... ಎಲ್ಲಕ್ಕೂ ಒಂದೇ ಮಾತು, ಘಮ್!

"ಅಕ್ಕಾ..." ಅವಳು ಒಲೆ ಆರಿಸಿದಳು. "ಅವನಿಗೆ ವಾಸನೆಯೇ ಗೊತ್ತಾಗಲ್ಲ!"

ಭಾವ ಪೇಪರ್ ಕೆಳಗಿಟ್ಟ. "ಅಯ್ಯೋ... ಗುರುವಾರ ನಾನೇ ಅವನ ರೂಮಿಗೆ ಹಳೇ ಗ್ಯಾಸ್ ಒಲೆ, ಸಿಲಿಂಡರ್ ಹೊತ್ತು ಹಾಕಿ ಬಂದೆ. ಭಾನುವಾರ ಸೂಜಿಗೆ ಅಡುಗೆ ಮಾಡಿ ತಂದು ಕ್ಷಮೆ ಕೇಳ್ತೀನಿ, ಹೇಳ್ಬೇಡಿ ಅಂದಿದ್ದ..."

ಸೌಟು ಕೈಜಾರಿತು. ಫೋನ್ ಮಾಡಿದಳು. ರಿಂಗ್ ಆಯಿತು, ಆಯಿತು, ನಿಂತಿತು.

ಅವಳು ಓಡಿದಳು. ಮನೆಯ ಹವಾಯಿ ಚಪ್ಪಲಿಯಲ್ಲೇ ಎರಡು ಬೀದಿ ಓಡಿದಳು. ಬಿಸಿಲು ಬೆಳ್ಳಗಿತ್ತು. ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಲಿಫ್ಟ್ ರಿಪೇರಿಯವನ ಕಟ್ಟಡದಲ್ಲೇ ಲಿಫ್ಟ್ ಕೆಟ್ಟು ನಿಂತಿತ್ತು, ನೋಡಿ!

ಎರಡನೇ ಮಹಡಿಯ ತಿರುವಿನಲ್ಲಿ ವಾಸನೆ ಮೂಗಿಗೆ ಬಡಿಯಿತು. ಗ್ಯಾಸ್.

'ದೇವರೇ, ಬೇಡ... ಇನ್ನೊಬ್ಬರನ್ನ ಕಳಕೊಳ್ಳೋ ಶಕ್ತಿ ನಂಗಿಲ್ಲ...'

ಮೂರನೇ ಮಹಡಿ. ಅವಳ ಬೆರಳು ಕರೆಗಂಟೆಯತ್ತ ಹೋಯಿತು. ಇನ್ನೇನು ಒತ್ತಬೇಕು, ಸರಕ್ಕನೆ ಹಿಂದಕ್ಕೆಳೆದುಕೊಂಡಳು. ಒಂದು ಕಿಡಿ ಸಾಕು!

ಒಳಗೆ ಅವನು ಗುನುಗುತ್ತಿದ್ದ. ಉಕ್ಕಿದ ಬೇಳೆ ಒಲೆಯ ಉರಿಯನ್ನು ಯಾವಾಗಲೋ ಆರಿಸಿತ್ತು. ಅದನ್ನು ಈಗಷ್ಟೇ ನೋಡಿದ್ದ. ಬಾಗಿಲಾಚೆಯಿಂದ ಅವಳಿಗೆ ಸಣ್ಣ ಸದ್ದು ಕೇಳಿತು. ಕಡ್ಡಿಪೆಟ್ಟಿಗೆ ಅಲ್ಲಾಡಿಸಿದ ಸದ್ದು.

"ಕಡ್ಡಿ ಗೀರಬೇಡ ಕಣೋ!" ಅವಳ ಕೂಗಿಗೆ ಮೆಟ್ಟಿಲೆಲ್ಲ ನಡುಗಿತು. "ಗ್ಯಾಸ್ ಸೋರಿದೆ! ಏನೂ ಮುಟ್ಟಬೇಡ! ಸಿಲಿಂಡರ್ ಬಂದ್ ಮಾಡು! ಕಿಟಕಿ ತೆಗಿ!"

ಒಳಗಿನ ಗುನುಗು ನಿಂತಿತು. ಒಂದು... ಎರಡು... ಮೂರು...

"...ನೀವಾ?"

"ನಾನೇ. ಹೆದರ್ಬೇಡ, ನಾನಿದ್ದೀನಿ. ತೆಗಿ ಅಂದೆ!"

ಕಿಟಕಿ ತೆರೆದ ಸದ್ದು. ಕೊನೆಗೆ ಬಾಗಿಲು. ಅವನು ಹೊರಬಂದ, ಕೈಯಲ್ಲಿ ಗೀರದ ಕಡ್ಡಿ ಹಾಗೇ ಇತ್ತು. ಅವಳು ಅದನ್ನು ಕಿತ್ತುಕೊಂಡು ಮುರಿದಳು. ಅವನ ಅಂಗಿ ಹಿಡಿದು ಬೀದಿಗೇ ಎಳೆದುಕೊಂಡು ಹೋದಳು. ಎದುರಿನ ಕಟ್ಟೆಯ ಮೇಲೆ ಕೂರಿಸಿದಳು. ಆಮೇಲೆ ಅವನ ಎದೆಗೆ ಗುದ್ದಿ ಗುದ್ದಿ ಅತ್ತಳು.

"ಐದು ವರ್ಷ ಆಯ್ತು," ಅಂದ ಅವನು ನಿಧಾನವಾಗಿ. "ಲಿಫ್ಟ್ ಗುಂಡಿಗೆ ಬಿದ್ದೆ, ತಲೆಗೆ ಪೆಟ್ಟಾಯ್ತು. ಆವತ್ತಿಂದ ಉಪ್ಪು, ಹುಳಿ, ಖಾರ ಗೊತ್ತಾಗುತ್ತೆ. ವಾಸನೆ ಇಲ್ಲ. ಅದಕ್ಕೇ ರೂಮಲ್ಲಿ ಒಲೆನೇ ಇಟ್ಟಿರ್ಲಿಲ್ಲ, ಯಾರನ್ನೂ ಕರೀಲಿಲ್ಲ."

"ಹೇಳೋಕೆ ಏನಾಗಿತ್ತು?"

"ವೈರು ಸುಟ್ರೆ ಮೊದ್ಲು ಹೇಳೋದು ಮೂಗು. ಅದಿಲ್ಲ ಅಂತ ಗೊತ್ತಾದ್ರೆ ಕೆಲಸ ಹೋಗುತ್ತೆ. ಕೆಲಸ ಹೋದ್ರೆ ಈ ದೇಶ ಬಿಡ್ಬೇಕು. ಈ ದೇಶ ಬಿಟ್ರೆ... ಭಾನುವಾರ ಹೋಗುತ್ತೆ."

ಅವಳು ಗುದ್ದುವುದನ್ನು ನಿಲ್ಲಿಸಿದಳು.

"ರುಚಿನೇ ಸರಿಯಾಗಿ ಗೊತ್ತಾಗ್ದೆ ಯಾಕೆ ಬರ್ತಿದ್ದೆ ಪ್ರತಿ ವಾರ?"

"ಬಡಿಸ್ತಾ 'ಇನ್ನೊಂಚೂರು' ಅಂತೀರಲ್ಲ... ಅದಕ್ಕೆ. ಬಾಗಿಲಲ್ಲಿ ಘಮ್ ಅಂದಾಗ ನಿಮ್ಮ ಮುಖ ಅರಳುತ್ತಲ್ಲ... ಅದಕ್ಕೆ. ಅದೊಂದು ಮಾತ್ರ ಸುಳ್ಳಲ್ಲ. ನೀವಂದ್ರೆ ನಂಗಿಷ್ಟ."

"ನಾಳೆ ಕಂಪನಿಗೆ ಹೇಳ್ಬೇಕು," ಅಂದಳು ಕಣ್ಣೊರೆಸಿಕೊಂಡು. "ಮೂಗಿಲ್ಲದೆ ಇನ್ನೊಂದು ಸಲ ಆ ಗುಂಡಿಗೆ ಇಳಿದ್ರೆ ನಾನೇ ಕೊಂದುಹಾಕ್ತೀನಿ."

"ಕೆಲಸ ಹೋದ್ರೆ?"

"ಹೋಗ್ಲಿ. ಬದುಕಿದ್ರೆ ಬೇಡಿಯಾದ್ರೂ ತಿನ್ನಬಹುದು. ಎಲ್ಲಿದ್ರೂ ಭಾನುವಾರ ಬರುತ್ತೆ. ನಾನೂ ಇರ್ತೀನಿ."

ಅವನು ತಲೆ ತಗ್ಗಿಸಿದ. ಕಣ್ಣು ತುಂಬಿತ್ತು, ತುಟಿಯಲ್ಲಿ ಮಾತ್ರ ಸಣ್ಣ ನಗು.

"ಹಾಗಾದ್ರೆ... ಈ ಮೂಗಿಲ್ಲದವನ ಬದುಕಲ್ಲಿ ಸ್ವಲ್ಪ ಮೂಗು ತೂರಿಸ್ತೀರಾ?"

"ಬೇಡ ಅಂದ್ರೂ ತೂರಿಸ್ತೀನಿ ಕಣೋ!"

ಅಷ್ಟರಲ್ಲಿ ಅಕ್ಕ, ಭಾವ ಏದುಸಿರು ಬಿಡುತ್ತಾ ಬಂದರು. ಗ್ಯಾಸ್‌ನವರಿಗೆ ಹೇಳಿದ್ದೂ ಆಯಿತು, ಅವರು ಬಂದು ಸಿಲಿಂಡರ್ ಒಯ್ದದ್ದೂ ಆಯಿತು. ನಾಲ್ವರೂ ಸೂಜಿಯ ಮನೆಗೆ, ಆರನೇ ಮಹಡಿಗೆ, ಮೆಟ್ಟಿಲು ಹತ್ತಿಯೇ ಹೋದರು. ಅಂದು ಲಿಫ್ಟ್ ಒಳಗೆ ಹೋಗಲು ಯಾರಿಗೂ ಮನಸ್ಸಾಗಲಿಲ್ಲ.

ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅಭ್ಯಾಸಬಲದಿಂದ ಬಾಯಿ ತೆರೆದವನು ತಟ್ಟನೆ ಸುಮ್ಮನಾದ.

ಅವಳು ಅವನ ಪಕ್ಕ ನಿಂತು ಉಸಿರೆಳೆದಳು. "ಸಾಸಿವೆ ಸೀದಿದೆ. ಅನ್ನ ಹದವಾಗಿ ಆಗಿದೆ. ಯಾರೋ ನಿಂಬೆಹಣ್ಣು ಹೆಚ್ಚಿಟ್ಟಿದ್ದಾರೆ."

"ಎಲ್ಲ ನೀನೇ ಹೇಳಿದ್ರೆ, ಇನ್ಮೇಲೆ ನಾನೇನು ಹೇಳ್ಲಿ ಬಾಗಿಲಲ್ಲಿ?"

ಮೊದಲ ಸಲ 'ನೀನು' ಅಂದಿದ್ದ. ಅವಳು ಕೇಳಿಸದವಳಂತೆ ಅವನ ಕೈಗೆ ತಟ್ಟೆ ಕೊಟ್ಟಳು.

"ಏನೂ ಹೇಳ್ಬೇಡ. ಕೈ ತೊಳ್ಕೊಂಡು ಊಟಕ್ಕೆ ಬಾ."