ಎರಡು ಬೆರಳು ಕೆಳಗಿನ ಚುಕ್ಕೆ

"ಸಿಸ್ಟರ್, ನಿಮ್ಮ ಕೈ ಗಾಯದ ಮೇಲಿದೆ, ಕಣ್ಣು ಟವೆಲ್ ಮೇಲಿದೆ. ಎಲ್ಲಿ ನೋಡ್ತಿದೀರಿ?"

ಮಾತು ಬಂದದ್ದು ದೂರದ ದೊಡ್ಡ ಆಸ್ಪತ್ರೆಯಿಂದ, ಸರ್ಜನ್ ಮೇಡಂ ಬಾಯಿಂದ. ಇಲ್ಲಿ ಹಳ್ಳಿ ಆಸ್ಪತ್ರೆಯಲ್ಲಿ ನರ್ಸ್ ಹಣೆಗೆ ಕಟ್ಟಿಕೊಂಡಿದ್ದ ಕ್ಯಾಮೆರಾ ಅವಳ ಕಣ್ಣು ಹೋದಲ್ಲಿಗೆಲ್ಲ ಹೋಗುತ್ತದೆ. ಅವಳು ಎಲ್ಲಿ ನೋಡುತ್ತಿದ್ದಾಳೆಂದು ಒಂದು ಹಸಿರು ಚುಕ್ಕೆ ಮೇಡಂ ಪರದೆಯ ಮೇಲೆ ಚಾಡಿ ಹೇಳುತ್ತದೆ. ಆ ಚುಕ್ಕೆ ಈಗ ಮಂಚದ ಮೇಲಿದ್ದ ರೋಗಿ ಅಜ್ಜನ ಪಾದದ ಗಾಯ ಬಿಟ್ಟು ಎರಡು ಬೆರಳು ಕೆಳಗೆ ಕೂತಿತ್ತು.

"ಗಾಯಾನೇ ನೋಡ್ತಿದೀನಿ ಮೇಡಂ."

"ಮೊದಲ ವಾರ ಸರಿಯಾಗಿತ್ತು. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಕೆಳಗಿಳೀತಿದೆ. ನೀವೊಬ್ರೇ ಗಾಯ ನೋಡ್ಕೋಬಹುದು ಅಂತ ನಾನು ಹೇಗಮ್ಮ ಸಹಿ ಹಾಕ್ಲಿ?"

ಆ ಸಹಿ ಸಿಗದಿದ್ದರೆ ಅಜ್ಜ ವಾರಕ್ಕೆರಡು ಸಲ ನಾಲ್ಕು ಗಂಟೆ ಬಸ್ಸಿನಲ್ಲಿ ಹೋಗಬೇಕು, ಅದೂ ಆ ಕಾಲಿಟ್ಟುಕೊಂಡು. ನರ್ಸ್ ಸಿಟ್ಟೆಲ್ಲ ಬಾಗಿಲ ಬಳಿ ನಿಂತಿದ್ದ ಕ್ಯಾಮೆರಾದವನ ಮೇಲೆ ತಿರುಗಿತು.

"ಏನ್ರೀ ನಿಮ್ಮ ಮೆಷಿನ್ನು? ಚುಕ್ಕೆ ಯಾಕೆ ಕೆಳಗಿಳೀತಿದೆ?"

ಅವನು ಕತ್ತು ಕೆರೆದುಕೊಂಡ. "ಮೆಷಿನ್ನಿಗೆ ನಿಮ್ಮ ಕಣ್ಣು ಗುರುತಾಗ್ಲಿ ಅಂತ ಬೆಳಿಗ್ಗೆ ಚುಕ್ಕೆ ಕಾರ್ಡ್ ತೋರಿಸಿ ಸೆಟ್ ಮಾಡ್ತೀನಲ್ಲ, ಆಗ ಕಣ್ಣು ಕಾರ್ಡಿಗಿಂತ ಎಷ್ಟು ಮೇಲಿರುತ್ತೋ, ಆಮೇಲೆ ಚುಕ್ಕೆ ಅಷ್ಟು ಕೆಳಗೆ ಬೀಳುತ್ತೆ. ಆದ್ರೆ ನೀವು ಕಾರ್ಡೇ ನೋಡ್ತೀರಲ್ಲ. ಮೆಷಿನ್ನೇ ಕೆಟ್ಟಿರ್ಬೇಕು. ರಿಪೇರಿಗೆ ಕಳಿಸಿದ್ರೆ ಎರಡು ತಿಂಗಳಾಗುತ್ತೆ."

ನರ್ಸ್ ಹಣೆಯ ಪಟ್ಟಿಯನ್ನು ಸುಮ್ಮನೆ ಮುಟ್ಟಿ ಸರಿಮಾಡಿಕೊಂಡಳು.

ದಿನಾ ಬೆಳಿಗ್ಗೆ ಅವನು ಒಂಬತ್ತು ಚುಕ್ಕೆಯ ಕಾರ್ಡನ್ನು ಎದೆಗೆ ಹಿಡಿದು "ಒಂದು, ಎರಡು" ಎಂದು ಎಣಿಸುತ್ತಿದ್ದ. ಮೊದಲ ವಾರ ಅವಳು ಕಾರ್ಡನ್ನೇ ನೋಡಿದ್ದಳು, ಸತ್ಯವಾಗಿಯೂ. ಎರಡನೇ ವಾರ ಕಣ್ಣು ಅಂಗಿಯ ಮೇಲಿನ ಗುಂಡಿಗೆ ಹತ್ತಿತು, ಅಲ್ಲಿಂದ ಗದ್ದಕ್ಕೆ, ಗದ್ದದಿಂದ ಎಣಿಸುವ ತುಟಿಗೆ. "ಏಳು" ಎನ್ನುವಾಗ ಅವನ ಎಡಹುಬ್ಬು ಒಂಚೂರು ಏರುತ್ತದೆ. ಯಾಕೆ ಏಳಕ್ಕೆ ಮಾತ್ರ? ಅದನ್ನು ಕಂಡುಹಿಡಿಯಲೆಂದೇ ಅವಳು ನಿನ್ನೆಯೂ ನೋಡಿದ್ದಳು.

ಸುಮ್ಮನಿದ್ದರೆ ಅವಳ ಮಾನ ಉಳಿಯುತ್ತದೆ. ಅಜ್ಜ ಎರಡು ತಿಂಗಳು ಬಸ್ಸು ಹತ್ತುತ್ತಾನೆ.

"ಮೇಡಂ," ಎಂದಳು. "ಮೆಷಿನ್ ಸರಿಯಾಗಿದೆ. ಕಾರ್ಡ್ ನೋಡೋ ಹೊತ್ತಲ್ಲಿ ನಾನು ಕಾರ್ಡ್ ಹಿಡಿದವರನ್ನ ನೋಡ್ತಿದ್ದೆ."

ಕ್ಯಾಮೆರಾದವನು ಕೈಯಲ್ಲಿದ್ದ ಕಾರ್ಡನ್ನು ಮುಖಕ್ಕೆ ಅಡ್ಡ ಹಿಡಿದ.

"ದಿನಾನಾ?" ಮೇಡಂ ಕೇಳಿದರು.

"ಎರಡನೇ ವಾರದಿಂದ."

"ಸರಿ. ಮತ್ತೆ ಸೆಟ್ ಮಾಡಿ. ಈ ಸಲ ಕಾರ್ಡ್ ಬೇರೆಯವರು ಹಿಡೀಲಿ."

ಅಜ್ಜ ಕೈ ಚಾಚಿದ. "ಕೊಡು ಇಲ್ಲಿ. ನನ್ನ ಮುಖ ನೋಡಿ ಯಾರೂ ದಾರಿ ತಪ್ಪಲ್ಲ."

ಚುಕ್ಕೆ ಗಾಯದ ಮೇಲೆಯೇ ಬಂದು ಕೂತಿತು, ಕಡೆಯ ಬ್ಯಾಂಡೇಜ್ ಸುತ್ತುವವರೆಗೂ ಕದಲಲಿಲ್ಲ. ಮೇಡಂ ಸಹಿ ಹಾಕಿದರು. ಅಜ್ಜ ಕುಂಟುತ್ತಲೇ, ಆದರೆ ಮೀಸೆಯಡಿಯಲ್ಲಿ ನಗುತ್ತಾ ಮನೆಗೆ ಹೋದ.

ಕ್ಯಾಮೆರಾದವನು ಚೀಲ ಹೆಗಲಿಗೇರಿಸಿದ. ಅವಳು ಕೈ ತೊಳೆಯುತ್ತಾ, ತಿರುಗದೆಯೇ ಕೇಳಿದಳು: "ನಾಳೆಯಿಂದ ನೀವು ಬರಲ್ಲ, ಅಲ್ವಾ?"

"ಮೊದಲ ದಿನ ಬಿಟ್ರೆ ಬರೋ ಅಗತ್ಯಾನೇ ಇರ್ಲಿಲ್ಲ. ಒಬ್ಬರಿಗೆ ಒಂದೇ ಸಲ ಸೆಟ್ ಮಾಡಿದ್ರೆ ಸಾಕು."

ನಲ್ಲಿ ಹರಿಯುತ್ತಲೇ ಇತ್ತು. "ಮತ್ತೆ ಮೂರು ವಾರ?"

"ನಿಮ್ಮನ್ನ ನೋಡೋಕೆ ಬರ್ತಿದ್ದೆ. ನಾನು ದಿನಾ ಮತ್ತೆ ಮತ್ತೆ ಸೆಟ್ ಮಾಡಿದ್ದಕ್ಕೇ ನಿಮ್ಮ ಸಹಿ ತಪ್ಪೋ ಹಾಗಾಯ್ತು. ಅದನ್ನ ಹೇಳೋಕೆ ಬಾಯಿ ತೆಗೆಯೋಷ್ಟರಲ್ಲಿ ನೀವೇ ಹೇಳ್ಬಿಟ್ರಿ. ನನಗೆ ಅಷ್ಟು ಧೈರ್ಯ ಇಲ್ಲ, ಸಿಸ್ಟರ್."

"ಮೊದಲು ಆ ಸಿಸ್ಟರ್ ಅನ್ನೋದು ಬಿಡಿ."

ಅವಳು ನಲ್ಲಿ ನಿಲ್ಲಿಸಿ ತಿರುಗಿದಳು. ಈ ಸಲ ಕಣ್ಣನ್ನು ಎಲ್ಲಿಯೂ ಬಚ್ಚಿಡಲಿಲ್ಲ.

"ಡ್ಯೂಟಿ ಐದಕ್ಕೆ ಮುಗಿಯುತ್ತೆ. ಇನ್ನೂ ಎರಡೂವರೆ ಗಂಟೆ ಇದೆ. ಕಾಯ್ತೀರಾ?"

ಅವನು ಚೀಲ ಕೆಳಗಿಟ್ಟು ಬೆಂಚಿನ ಮೇಲೆ ಕೂತ.