ತೊಂಬತ್ತು ಟಿಕ್ಕುಗಳು

ಸಿದ್ದಾಪುರದಿಂದ ಯಲ್ಲಾಪುರದವರೆಗೆ ಹಾರಾಡುವ ಪ್ರತಿಯೊಂದು ಜೇನುಹುಳಕ್ಕೂ ಕಿಶೋರನೇ ಹೆಸರಿಟ್ಟಿದ್ದಾನೆ. ಹೆಸರು ಹಿಡಿದು ಕರೆದರೆ ಹುಳ ಹೂವು ಬಿಟ್ಟು ತಿರುಗಿ ನೋಡುತ್ತದೆ. ನಂಬದವರು ಬಂದು ಕರೆದು ನೋಡಬಹುದು. ಆದರೆ ಅದು ಓಗೊಡುವುದು ಅವನ ದನಿಗೆ ಮಾತ್ರ.

ದಿವ್ಯಾ ಮೇಡಂ ಮೊದಲ ಸಲ ಅವನ ಅಂಗಳದಲ್ಲಿ ಸ್ಕೂಟಿ ನಿಲ್ಲಿಸಿದಾಗಲೂ ಇದನ್ನೇ ಹೇಳಿದ್ದ. ಬನವಾಸಿ ಕಡೆಯವಳು ಆಕೆ. ಓದು ತೊಡಕಾದ ಮಕ್ಕಳಿಗಾಗಿ ಶಾಲೆಯಿಂದ ಶಾಲೆಗೆ ತಿರುಗುವ ಟೀಚರ್.

"ನನ್ನ ಹೆಸರು ಯಾವ ಹುಳಕ್ಕ ಇಟ್ಟೀರಿ?" ಹೆಲ್ಮೆಟ್ ತೆಗೆಯುತ್ತ ಕೇಳಿದಳು.

"ರಾಣಿಗೆ ಮೇಡಂ. ಹೋದ ವರ್ಷವೇ ಇಟ್ಟಾಯ್ತು."

"ನಾನು ಬರೋದು ಹೋದ ವರ್ಷನ ಗೊತ್ತಿತ್ತೇನ್ರಿ?"

ನಗು ಅವಳ ತುಟಿಯ ಎಡ ಅಂಚಿನಲ್ಲಿ ಹುಟ್ಟಿ ಬಲಕ್ಕೆ ದಾಟುವಷ್ಟರಲ್ಲಿ ಕಿಶೋರನಿಗೆ ಏಳು ಜನ್ಮ ಕಳೆದುಹೋಯಿತು.

ಅವಳು ಬಂದದ್ದು ಅಭಿಜ್ಞಾಗಾಗಿ. ಒಂಬತ್ತು ವರ್ಷದ ಹುಡುಗಿ, ಕಿಶೋರನ ಅಕ್ಕನ ಮಗಳು. ತ್ಯಾಗಲಿಯಿಂದ ಬಂದು, ಮಾವನ ಮನೆಯಲ್ಲಿದ್ದುಕೊಂಡು ಶಾಲೆಗೆ ಹೋಗುತ್ತಿದ್ದಳು.

"ಡಿಸ್ಲೆಕ್ಸಿಯಾ ಅಂತಾರ. ಬುದ್ಧಿ ಚುರುಕದ. ಅಕ್ಷರ ಹಿಡಿಯೋ ದಾರಿ ಬ್ಯಾರೆ, ಅಷ್ಟ." ದಿವ್ಯಾ ಒಂದು ಕಟ್ಟು ಕಾರ್ಡ್ ಕೊಟ್ಟಳು. ಒಂದೊಂದರ ಮೇಲೂ ಮರ ಉಜ್ಜುವ ಮರಳಿನ ಪಾಲಿಶ್ ಪೇಪರಿನಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರ. "ದಿನಾ ಇಪ್ಪತ್ತು ನಿಮಿಷ ಇದರ ಮ್ಯಾಲೆ ಬೆರಳಾಡಿಸಿ ಶಬ್ದ ಹೇಳಿಸ್ರಿ. ಕಲಿಸಿದ ದಿನ ಚಾರ್ಟಿನಾಗ ಟಿಕ್ ಹಾಕ್ರಿ. ಆಗ್ತದೇನು?"

"ಶಿರಸಿ ಲೈಬ್ರರಿಯ ಪುಸ್ತಕ ಎಲ್ಲಾ ಎರಡೆರಡು ಸಲ ಓದಿ ಮುಗಿಸಿದವನು ನಾನು ಮೇಡಂ."

ಟಿಕ್ಕುಗಳು ಬೆಳೆದವು. ಪ್ರತಿ ಶುಕ್ರವಾರ ದಿವ್ಯಾ ಬಂದು ಚಾರ್ಟ್ ನೋಡುತ್ತಿದ್ದಳು, ನಗುತ್ತಿದ್ದಳು, ಒಂದು ಲೋಟ ಕಷಾಯಕ್ಕೆ ಒಂದು ಗಂಟೆ ತೆಗೆದುಕೊಳ್ಳುತ್ತಿದ್ದಳು.

ಅತ್ತ ಅಭಿಜ್ಞಾ ಮಾತು ಕಡಿಮೆ ಮಾಡಿದಳು. ಶಾಲೆಯ ನೋಟುಪುಸ್ತಕಗಳ ಮೇಲಿದ್ದ ತನ್ನ ಹೆಸರನ್ನು ಕಾಗದ ಹರಿಯುವ ತನಕ ಪೆನ್ನಿನಿಂದ ಗೀಚಿದಳು. ಆಮೇಲೆ ಹೆಸರು ಕರೆದರೂ ಓಗೊಡದಾದಳು. ಅದೇ ವಾರ ಕಿಶೋರನ ನಾಲ್ಕು ಜೇನುಪೆಟ್ಟಿಗೆಯ ಹುಳಗಳು ಗೂಡು ಬಿಟ್ಟು ಎದ್ದು ಹೋದವು. ಕಿಶೋರ ಮೊದಲಿಗಿಂತ ಜೋರಾಗಿ ನಗತೊಡಗಿದ.

ಮೂರು ತಿಂಗಳಲ್ಲಿ ಓದು ಬರದಿದ್ದರೆ ಘಟ್ಟದ ಕೆಳಗಿನ ಒಂದು ವಸತಿ ಶಾಲೆಗೆ ಹಾಕುತ್ತೇನೆಂದು ಅವಳ ಅಪ್ಪ ಶಾಂತಾರಾಮ ಮೊದಲೇ ಹೇಳಿದ್ದ. ಹೊಡೆದು ಕಲಿಸುವ ಜಾಗ. ಅಲ್ಲಿಂದ ಬಂದ ಊರ ಹುಡುಗನೊಬ್ಬ ಈಗ ಯಾರ ಮುಖವನ್ನೂ ನೋಡುವುದಿಲ್ಲ.

ತೊಂಬತ್ತನೆಯ ದಿನ ಮಧ್ಯಾಹ್ನ ಶಾಂತಾರಾಮ ಬಂದು, ಕೈಯಲ್ಲಿದ್ದ ಹಾಳೆಯೊಂದನ್ನು ಮುಂದಿಟ್ಟುಕೊಂಡು ಜಗಲಿಯಲ್ಲಿ ಕೂತ. ದಿವ್ಯಾ ಒಂದೊಂದೇ ಕಾರ್ಡ್ ಎತ್ತಿ ತೋರಿಸಿದಳು. ಅಭಿಜ್ಞಾ ಒಂದಕ್ಕೂ ಬಾಯಿ ತೆರೆಯಲಿಲ್ಲ.

"ತೊಂಬತ್ತು ದಿನ ಕಲಿಸಿದ್ರೂ ಒಂದಕ್ಷರ ಇಲ್ಲೆ ಅಂದ್ರೆ ಕೂಸಿನ ತಲೆಯೇ ಖಾಲಿ," ಶಾಂತಾರಾಮ ಹೇಳಿದ. "ಸೋಮವಾರ ಕರ್ಕಂಡು ಹೋಗ್ತೆ."

ಹೌದೆನ್ನುವಂತೆ ಹುಡುಗಿ ತಲೆಯಾಡಿಸಿದಳು.

ದಿವ್ಯಾ ಕಾರ್ಡಿನ ಮೇಲೆ ಹೆಬ್ಬೆರಳು ಸವರಿದಳು. ಮತ್ತೊಮ್ಮೆ ಸವರಿದಳು. "ತೊಂಬತ್ತು ದಿನ ಬೆರಳಾಡಿದ್ರ ಮರಳು ಸವೀಬೇಕಲ್ರಿ. ಇವು ಹೊಸವ ಅದಾವ." ಎದುರಿಗಿದ್ದ ಹಾಳೆಯನ್ನು ಕಿಶೋರನ ಕೈಗಿತ್ತಳು. "ಕಲಿಸೋ ಸೂಚನೆ ಏನಿತ್ತು, ಓದ್ರಿ ಕಿಶೋರ."

ಕಿಶೋರ ಗಂಟಲು ಸರಿಮಾಡಿಕೊಂಡು, ಸಾಲಿನ ಮೇಲೆ ಬೆರಳಿಟ್ಟು, ಊರಿಗೇ ಕೇಳುವ ಹಾಗೆ ಓದಿದ. "ಮಗುವನ್ನು ಪಕ್ಕದಲ್ಲಿ ಪ್ರೀತಿಯಿಂದ ಕೂರಿಸಿಕೊಳ್ಳಿ. ದಿನಕ್ಕೆ ಇಪ್ಪತ್ತು ನಿಮಿಷ..."

ಶಾಂತಾರಾಮ ತಲೆಯೆತ್ತಿ ನೋಡಿದ. ದಿವ್ಯಾ ಹತ್ತಿರ ಬಂದು ಬಗ್ಗಿದಳು. ಅವಳ ಉಸಿರು ಅವನ ಕೈಗೆ ತಾಗಿತು.

"ಇದು ಇವರು ತಂದ ವಸತಿ ಶಾಲೆಯ ನಿಯಮ. ನಿಮ್ಮ ಬೆರಳಿರೋ ಸಾಲು ಏನಂತದ ಗೊತ್ತೇನು? ಮನೆಯವರ ಭೇಟಿ ವರ್ಷಕ್ಕೆ ಎರಡೇ ಸಲ."

ಕನ್ನಡಕ ಮರೆತೆ ಎನ್ನಬಹುದಿತ್ತು. ಅಂಥ ಏಳು ನೆವ ನಾಲಿಗೆಯ ತುದಿಯಲ್ಲೇ ಇದ್ದವು. ಅಭಿಜ್ಞಾ ಅವನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ದೂರಿರಲಿಲ್ಲ; ಪಾಪ ಅನ್ನುವಂತೆ ನೋಡುತ್ತಿದ್ದಳು.

"ನಂಗೆ ಓದಲೆ ಬತ್ತಿಲ್ಲೆ," ಅಂದ ಕಿಶೋರ.

"ಎಂತ ಹೇಳ್ತಾ ಇದ್ದೆ ನೀನು?" ಶಾಂತಾರಾಮ ಕೇಳಿದ.

"ನಿಜ, ಭಾವ. ಅಕ್ಷರ ನಿಂತ ಜಾಗದಲ್ಲಿ ನಿಲ್ತಿಲ್ಲೆ. ಅದಕ್ಕೇ ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಕೂಸಿಗೆ ಒಂದಿನಾನೂ ಕಲಿಸಿದ್ನಿಲ್ಲೆ. ಕಥೆ ಹೇಳಿ ನಗಿಸಿ ಟಿಕ್ ಹಾಕಿದ್ದು. ಖಾಲಿ ಇಪ್ಪದು ಅದರ ತಲೆ ಅಲ್ಲ."

ಶಾಂತಾರಾಮ ಆ ಹಾಳೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ಮೂರು ತಿಂಗಳು ಇನ್ನೂ ಶುರುನೇ ಆಗಿಲ್ರಿ," ದಿವ್ಯಾ ಅವನಿಗೆ ಹೇಳಿದಳು.

ಹಾಳೆಯನ್ನು ಕಿಸೆಗೆ ತುರುಕಿ ಅವನೆಂದ: "ಸೋಮವಾರ ಬೇಡ ಹಂಗಾರೆ." ಆಮೇಲೆ ಯಾವಾಗ ಎಂಬುದನ್ನು ಹೇಳಲಿಲ್ಲ.

ದಿವ್ಯಾ ಕಿಶೋರನ ಕಡೆ ತಿರುಗಿದಳು. ತುಟಿಯ ಎಡ ಅಂಚಿನಲ್ಲಿ ಏನೂ ಹುಟ್ಟಲಿಲ್ಲ. "ನನಗ ಯಾಕ ಸುಳ್ಳು ಹೇಳಿದ್ರಿ?"

"ಶುಕ್ರವಾರ ಟಿಕ್ ನೋಡಿ ನಗ್ತಿದ್ರಿ. ವಾರಪೂರ್ತಿ ಅದಕ್ಕೇ ಕಾಯ್ತಿದ್ದೆ ಮೇಡಂ."

ಅವಳು ಚಾರ್ಟನ್ನು ನಾಲ್ಕು ತುಂಡು ಮಾಡಿದಳು. ಅಭಿಜ್ಞಾಳ ಮುಂದೆ ಒಂದು ಕಾರ್ಡ್ ಇಟ್ಟಳು. ಪಕ್ಕದ ಮಣೆಯ ಮುಂದೆ ಇನ್ನೊಂದು.

"ಕೂಡ್ರಿ. ಬೆರಳು ಕೊಡ್ರಿ."

ಅವನ ತೋರುಬೆರಳು ಹಿಡಿದು ಒರಟು ಅಕ್ಷರದ ಮೇಲಿಟ್ಟಳು. ಬಿಡಲಿಲ್ಲ.

"ಬೆರಳು ಯಾಕ ಹಿಂದ ಎಳೀತೀರಿ?"

ನಾಲಿಗೆಯ ತುದಿಯಲ್ಲಿ ಈಗ ಒಂದು ನೆವವೂ ಉಳಿದಿರಲಿಲ್ಲ.

"ಹೆದರಿಕೆ ಆಗ್ತು," ಅಂದ.